ಒಬಿಸ್ಪೊಗೆ ನೀರು ತಾಕಿಸಬಾರದು

ಡಿಸೆಂಬರ್ 28, ಗುರುವಾರ

ಇವತ್ತು ಬೆಕ್ಕನ್ನು ಕಳೆದುಕೊಂಡೆ. ಬೆಕ್ಕು ಎಲ್ಲಿಗೂ ಹೋಗಿಲ್ಲ. ಇದನ್ನು ಬರೆಯುವ ಹೊತ್ತಿಗೆ ನನ್ನ ಕಂದು ಸ್ವೆಟರಿನ ಮೇಲೆ, ಸ್ವೆಟರಿನೊಳಗೆ ನಾನೂ ಇರುವಾಗಲೇ, ಮುದುಡಿ ಮಲಗಿ ಗುರುಗುಟ್ಟುತ್ತಿದೆ. ಆದರೂ ಊರಿನ ನ್ಯಾಯದ ಪ್ರಕಾರ ಅದೀಗ ನನ್ನದಲ್ಲ, ನನ್ನ ನಾದಿನಿ ಕೂಕಾಳದ್ದು.

ಆದದ್ದು ಹೀಗೆ. ಬೆಳಿಗ್ಗೆ ಕೂಕಾ ಒಂದು ತಟ್ಟೆ ಬುನ್ಯುಯೆಲೊ ಕರಿದು ತಂದಳು. ಪಾಕದಲ್ಲಿ ಮುಳುಗಿಸಿದ, ಹಪ್ಪಳದಷ್ಟು ತೆಳ್ಳಗಿನ ಸಿಹಿ. ಅವಳ ಅಕ್ಕ, ಅಂದರೆ ನನ್ನ ಲಾಲಾ, ಇದಕ್ಕಿಂತ ತೆಳ್ಳಗೆ ಮಾಡುತ್ತಿದ್ದಳು. ಅದನ್ನು ಹೇಳಲಿಲ್ಲ, ಮುಖದಲ್ಲಿ ತೋರಿಸಿದೆ. ಕೂಕಾ ಒಳಗೆ ಬಂದವಳೇ ಮೂಗು ಮುಚ್ಚಿಕೊಂಡಳು.

"ಏನ್ ಭಾವ ಇದು? ಯಾರು ಸತ್ತಿದಾರೆ ಈ ಮನೇಲಿ?"

ಹೇಳಿದ ಮೇಲೆ ತುಟಿ ಕಚ್ಚಿಕೊಂಡಳು. ಲಾಲಾ ಹೋದದ್ದು ಜೂನ್‌ನಲ್ಲಿ. ನಾನು ಕೇಳಿಸಿಕೊಳ್ಳದವನ ಹಾಗೆ, "ಬೆಕ್ಕಿನ ವಾಸನೆ ಅದು. ವಯಸ್ಸಾಯಿತಲ್ಲ, ಮೊದಲಿನ ಹಾಗೆ ಮೈ ನೆಕ್ಕಿಕೊಳ್ಳಲ್ಲ" ಎಂದೆ.

ಕೂಕಾ ಬೆಕ್ಕನ್ನು ಒಂದು ಸಲ ನೋಡಿದಳು. ನನ್ನನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು. ಗಡ್ಡ, ಸ್ವೆಟರು, ಚಪ್ಪಲಿ, ಮತ್ತೆ ಗಡ್ಡ.

"ಹಂಗಾದ್ರೆ ಒಂದ್ ದಿನದ ಮಟ್ಟಿಗೆ ಬೆಕ್ಕನ್ನ ಸಾಲ ಕೊಡಿ ಭಾವ. ನಾನೇ ಸ್ವಚ್ಛ ಮಾಡ್ಕೊಂಡ್ ಬರ್ತೀನಿ."

"ಧಾರಾಳವಾಗಿ ತಗೊಂಡ್ಹೋಗು" ಎಂದುಬಿಟ್ಟೆ.

"ಕೊಟ್ರಾ?"

"ಕೊಟ್ಟೆ ಮಾರಾಯ್ತಿ."

"ಇವತ್ತು ತಾರೀಖು ಎಷ್ಟು ಭಾವ?"

ಅವಳು ನಗುವುದಕ್ಕೆ ಶುರು ಮಾಡಿದ ಮೇಲೆ ನನಗೆ ಹೊಳೆದದ್ದು. ಮುಗ್ಧ ಶಿಶುಗಳ ದಿನ! ಈ ದಿನ ಯಾರಾದರೂ ಏನನ್ನಾದರೂ ಸಾಲ ಕೊಟ್ಟರೆ ಅದು ಹೋದ ಹಾಗೇ. ಕೊಟ್ಟವನು ಪೆದ್ದ, ಪಡೆದವನು ಒಡೆಯ. ನಮ್ಮ ಸಕಾತೇಕಾಸ್ ಊರಿನ ಹಸುಳೆಗೂ ಗೊತ್ತು ಇದು. ಹೋದ ವರ್ಷ ಇದೇ ದಿನ ಲಾಲಾ ಪಕ್ಕದ ಮನೆಯವರಿಂದ ಇಸ್ತ್ರಿ ಮೇಜು ಹೊಡೆದುಕೊಂಡು ಬಂದು ವಾರವಿಡೀ ನಕ್ಕಿದ್ದಳು. ಆ ಮೇಜು ಈಗಲೂ ನಮ್ಮಲ್ಲೇ ಇದೆ. ಅಂಥವಳ ಗಂಡ ನಾನು, ಒಂದು ಬೆಕ್ಕನ್ನೇ ಕೊಟ್ಟೆ.

ಬೇಡಿಕೊಂಡೆ. ಕೂಕಾ ಷರತ್ತು ಹಾಕಿದಳು. "ಅಂತೋನಿ ಸಂತರ ದಿನ ಚರ್ಚಿನ ಮುಂದೆ ಪ್ರಾಣಿಗಳಿಗೆ ಆಶೀರ್ವಾದ ಇದ್ಯಲ್ಲ, ಜನವರಿ ಹದಿನೇಳು, ಅಲ್ಲೀತನಕ ಇಲ್ಲೇ ಇರ್ಲಿ. ಅವತ್ತು ಕರ್ಕೊಂಡ್ ಬನ್ನಿ. ನಾನು ಮೂಸಿ ನೋಡ್ತೀನಿ. ವಾಸನೆ ಇಲ್ದೇ ಹೋದ್ರೆ ನಿಮ್ದು. ಇದ್ರೆ ಆಗ್ವಾಸ್ಕಾಲಿಯೆಂತೆಸ್‌ಗೆ, ನನ್ ಮಗಳ ಮನೆಗೆ."

ಅವಳ ಮಗಳ ಮನೆಯಲ್ಲಿ ಮೂರು ನಾಯಿಗಳಿವೆ. ಒಂದಕ್ಕಂತೂ ಕತ್ತೆಯಷ್ಟು ತಲೆ.

ಹೋಗುವಾಗ ಬಾಗಿಲಲ್ಲಿ ನಿಂತು, "ಸ್ನಾನ ಮಾಡ್ಸೋದು ಒಳ್ಳೇದು, ಭಾವ" ಎಂದಳು. ಯಾರಿಗೆಂದು ಹೇಳದೆ ಹೋದಳು. ಕೂಕಾಳ ಮಾತು ಯಾವತ್ತೂ ಅರ್ಧ.

ಡಿಸೆಂಬರ್ 29, ಶುಕ್ರವಾರ

ಪಶುವೈದ್ಯೆ ಹಿಮೇನಾ ಹತ್ತಿರ ಹೋಗಿದ್ದೆ. ಚಿಕ್ಕ ವಯಸ್ಸಿನ ಹುಡುಗಿ, ಗಂಭೀರವಾಗಿ ಮಾತಾಡುತ್ತಾಳೆ. ನನ್ನನ್ನು ಇಂಜಿನಿಯರ್ ಎಂದು ಕರೆದಳು. ನಾನು ಕಾಲೇಜಿಗೆ ಹೋದದ್ದು ಎರಡು ವರ್ಷ, ಆಮೇಲೆ ನಗರದ ನೀರು ಸರಬರಾಜು ಕಚೇರಿಯಲ್ಲಿ ಮೀಟರು ನೋಡುತ್ತಿದ್ದವನು. ತಿದ್ದುಪಡಿ ಮಾಡಲಿಲ್ಲ. ಬೆಕ್ಕಿನ ಎದುರು ಯಾಕೆ?

ಹೆಸರು ಕೇಳಿದಳು. ಒಬಿಸ್ಪೊ ಎಂದೆ. ಬಿಷಪ್ ಎಂದರ್ಥ. ಬಿಳಿ ಮೈ, ದೊಡ್ಡ ಹೊಟ್ಟೆ, ಯಾರನ್ನು ಕಂಡರೂ ಕ್ಷಮಿಸಿದೆ ಹೋಗು ಎನ್ನುವ ನೋಟ. ಲಾಲಾ ಇಟ್ಟ ಹೆಸರು.

"ಸ್ನಾನ ಮಾತ್ರ ಮಾಡಿಸ್ಬೇಡಿ ಇಂಜಿನಿಯರ್. ಹದಿನೈದು ವರ್ಷದ ಜೀವ, ಮೂತ್ರಪಿಂಡ ನಾಜೂಕು, ಈ ಚಳಿ ಬೇರೆ. ಇಷ್ಟುದ್ದ ಕೂದ್ಲು ಒಣಗೋದ್ರೊಳಗೆ ನಡುಗಿ ನಡುಗಿ ಮಲ್ಗಿಬಿಡುತ್ತೆ. ನೀರು ತಾಕಿಸ್ಲೇಬೇಡಿ."

"ಮತ್ತೆ ವಾಸನೆ ಹೋಗೋದು ಹೇಗೆ?"

ಅವಳು ಒಬಿಸ್ಪೊನ ಕತ್ತಿನ ಹಿಂದೆ ಮೂಗಿಟ್ಟಳು. ಬೆನ್ನು, ಹೊಟ್ಟೆ, ಬಾಲದ ಬುಡವನ್ನೂ ಬಿಡಲಿಲ್ಲ. "ಇವನಿಗೆ ಅಂಥಾ ವಾಸನೆ ಏನೂ ಇಲ್ವಲ್ಲ" ಎಂದಳು. ಪಾಪ, ನೆಗಡಿ ಇರಬೇಕು.

ಉಪಾಯ ಮಾತ್ರ ಚೆನ್ನಾಗಿ ಹೇಳಿದಳು. ದಿನಾ ಬಾಚಬೇಕು, ತುದಿಯಿಂದ ಬುಡದ ಕಡೆಗೆ. ಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ, ಒಂದು ಹನಿಯೂ ಬೀಳದ ಹಾಗೆ ಹಿಂಡಿ, ಕೂದಲು ಹೋಗುವ ದಿಕ್ಕಿಗೆ ಒರೆಸಬೇಕು, ಬುಡಕ್ಕೆ ತಾಕದ ಹಾಗೆ. ಗಂಟಾದ ಕಡೆ ನಾನೇ ಕತ್ತರಿ ಆಡಿಸಬಾರದು. ಕೊನೆಗೆ ಕೇಳಿದಳು, "ಇವನು ಮಲಗೋದೆಲ್ಲಿ?"

"ನನ್ನ ಮೇಲೆ."

"ಓಹ್" ಎಂದಳು. ನನ್ನ ಸ್ವೆಟರು ನೋಡಿದಳು. "ಬೆಕ್ಕು ಯಾವುದರ ಮೇಲೆ ಮಲಗುತ್ತೋ ಅದನ್ನೇ ಮೈಗೆ ಹಚ್ಕೊಂಡು, ಆಮೇಲೆ ಅದನ್ನೇ ನೆಕ್ಕುತ್ತೆ ಇಂಜಿನಿಯರ್. ಮಲಗೋ ಜಾಗ ಚೊಕ್ಕವಾಗಿರ್ಬೇಕು."

ಮನೆಗೆ ಬಂದು ಸೋಫಾ ಝಾಡಿಸಿದೆ. ಅದರೊಳಗಿಂದ ಅರ್ಧ ತೋರ್ತಿಯಾ ರೊಟ್ಟಿ, ಲಾಲಾಳ ಒಂದು ಹೇರ್‌ಪಿನ್, ನಾನು ಆಗಸ್ಟಿನಿಂದ ಹುಡುಕುತ್ತಿದ್ದ ಕನ್ನಡಕದ ಡಬ್ಬಿ ಬಂದವು. ಹೇರ್‌ಪಿನ್ನನ್ನು ಜೇಬಿಗೆ ಹಾಕಿಕೊಂಡೆ. ತೋರ್ತಿಯಾವನ್ನು ಒಬಿಸ್ಪೊ ಮೂಸಿ ಬಿಟ್ಟ.

ಜನವರಿ 1, ಸೋಮವಾರ

ಹೊಸ ವರ್ಷ. ಬಾಚಲು ಹೋದೆ. ಬಲಗೈಯಲ್ಲಿ ಎರಡು ಗೀರು, ಎಡಗೈಯಲ್ಲಿ ಎಣಿಸಲಿಲ್ಲ.

ಜನವರಿ 3, ಬುಧವಾರ

ಒಬಿಸ್ಪೊಗೆ ಬೈಯುವಾಗ ಇಂಗ್ಲಿಷ್ ಬಳಸುತ್ತೇನೆ. ಲಾಲಾಳಿಗೆ ಅರ್ಥವಾಗಬಾರದೆಂದು ಶುರು ಮಾಡಿದ ಅಭ್ಯಾಸ. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟರು ಯಾವ ಮಾತನ್ನೇ ಕಲಿಸಲಿ, ನಾನು, ನೀನು, ಅವನು ಎಂದು ನನ್ನಿಂದ ಶುರು ಮಾಡಿ ಊರಿಗೆಲ್ಲ ಹಂಚಿಸುತ್ತಿದ್ದರು. ಹಾಗೇ ನಾಲಿಗೆಗೆ ಕೂತಿದೆ. "ಐ ಆಮ್ ಡರ್ಟಿ, ಯು ಆರ್ ಡರ್ಟಿ" ಎಂದು ಗದರಿದೆ. ಒಬಿಸ್ಪೊ ಮೊದಲ ಭಾಗಕ್ಕೆ ಕಣ್ಣು ಮುಚ್ಚಿ ಒಪ್ಪಿದ, ಎರಡನೆಯದಕ್ಕೆ ಎದ್ದು ಹೋದ.

ಆದರೆ ಒಂದು ಸಂಗತಿ ಕಂಡುಹಿಡಿದೆ. ಬಾಚಣಿಗೆ ಕಂಡು ಅವನು ಓಡುತ್ತಿಲ್ಲ, ನನ್ನ ಕೈ ಕಂಡು ಓಡುತ್ತಿದ್ದಾನೆ. ಬೆರಳು ಮೂಸುತ್ತಾನೆ, ಮುಖ ಕಿವುಚುತ್ತಾನೆ, ಹೊರಡುತ್ತಾನೆ. ಸಿಗರೇಟಿನ ವಾಸನೆ ಇರಬೇಕು. ಎಂಥ ಸೊಕ್ಕು! ಆದರೂ ಪರೀಕ್ಷೆಗೆಂದು ಮೊಣಕೈತನಕ ಸೋಪು ಹಾಕಿ ಉಜ್ಜಿ, ಉಗುರು ಕತ್ತರಿಸಿ, ಮಧ್ಯಾಹ್ನ ಸಿಗರೇಟು ಮುಟ್ಟದೆ ಕೂತೆ. ಬಂದ. ಕೂತ. ಬಾಚಿಸಿಕೊಂಡ! ಬಾಲದ ಬುಡಕ್ಕೆ ಬಂದಾಗ ನನ್ನ ಹೆಬ್ಬೆರಳನ್ನು ಹಲ್ಲಿನ ನಡುವೆ ಹಿಡಿದುಕೊಂಡ. ಕಚ್ಚಲಿಲ್ಲ, ಹಿಡಿದುಕೊಂಡ ಅಷ್ಟೇ. ಸಹಿ ಹಾಕುವ ಮುನ್ನ ಕಾಗದ ಓದುವವನ ಹಾಗೆ.

ಬಂದ ಕೂದಲಿನಲ್ಲಿ ಇನ್ನೊಂದು ಸಣ್ಣ ಬೆಕ್ಕು ಮಾಡಬಹುದಿತ್ತು. ಮಾಡಿದೆ. ಕಿಟಕಿಯ ಮೇಲೆ ಇಟ್ಟಿದ್ದೇನೆ. ಒಬಿಸ್ಪೊ ಅದನ್ನು ಕಂಡು ಹಿಸ್ಸೆಂದ.

ಇನ್ನು ಮನೆಯೊಳಗೆ ಸೇದಿದರೆ ಕೆಲಸ ಕೆಡುತ್ತದೆ. ಮಹಡಿಗೆ ಹೋಗಿ ಸೇದಬೇಕು. ಅಲ್ಲಿ ಗಾಳಿಗೆ ಬೆಂಕಿಕಡ್ಡಿ ಹತ್ತುವುದಿಲ್ಲ.

ಜನವರಿ 6, ಶನಿವಾರ

ಮೂವರು ರಾಜರ ಹಬ್ಬ. ಕೂಕಾಳ ಮನೆಯಲ್ಲಿ ಬಳೆಯಾಕಾರದ ರೊಟ್ಟಿ ಕತ್ತರಿಸುವುದಕ್ಕೆ ಕರೆದಿದ್ದಳು. ನನ್ನನ್ನು ಕಿಟಕಿಯ ಪಕ್ಕ ಕೂರಿಸಿದಳು, ಈ ಚಳಿಯಲ್ಲಿ ಕಿಟಕಿಯನ್ನು ಹಾರು ಹೊಡೆದು. ಎಂದಿನಂತೆ ರೊಟ್ಟಿಯೊಳಗೆ ಬಾಲ ಯೇಸುವಿನ ಪುಟ್ಟ ಪ್ಲಾಸ್ಟಿಕ್ ಗೊಂಬೆ. ಯಾರ ತುಂಡಿನಲ್ಲಿ ಸಿಕ್ಕಿತೋ ಅವರು ಫೆಬ್ರವರಿ ಎರಡಕ್ಕೆ ಎಲ್ಲರನ್ನೂ ಮನೆಗೆ ಕರೆದು ತಮಾಲೆ, ಅಂದರೆ ಜೋಳದ ಹಿಟ್ಟಿನ ಕಡುಬು, ತಿನ್ನಿಸಬೇಕು. ಅಷ್ಟೂ ಜನರಿಗೆ, ಹೊಟ್ಟೆ ತುಂಬ.

ನನ್ನ ಹಲ್ಲಿಗೆ ಕಟ್ ಎಂದಿತು.

ಸುತ್ತ ನೋಡಿದೆ. ಯಾರೂ ನೋಡುತ್ತಿಲ್ಲ. ಗೊಂಬೆಯನ್ನು ದವಡೆಗೆ ಸರಿಸಿ, ಮೇಲೆ ಎರಡು ಗುಟುಕು ಚಾಕೊಲೇಟ್ ಕುಡಿದೆ. ಕೂಕಾ ಒಬ್ಬೊಬ್ಬರ ತಟ್ಟೆಯನ್ನೂ ತನಿಖೆ ಮಾಡುತ್ತ ಬಂದಳು.

"ಯಾರಿಗೂ ಸಿಗ್ಲಿಲ್ವಾ? ಭಾವ, ನಿಮ್ಗೆ?"

ತಲೆಯಾಡಿಸಿದೆ.

"ಬಾಯ್ ಬಿಟ್ಟು ಹೇಳಿ."

"ಇಗ್ಗ" ಎಂದೆ.

"ಏನಾಯ್ತು ನಿಮ್ ಬಾಯಿಗೆ?"

"ಹಗ್ಗು ನೋವು."

ಮೇಜಿನ ಸುತ್ತ ಕೂತ ಮಕ್ಕಳು ಮೊಮ್ಮಕ್ಕಳೆಲ್ಲ ನಕ್ಕರು. ಕೂಕಾ ನಗಲಿಲ್ಲ, ಕಣ್ಣು ಕಿರಿದು ಮಾಡಿದಳು. ಬೇಕರಿಯವನೇ ಗೊಂಬೆ ಹಾಕಲು ಮರೆತಿದ್ದಾನೆಂದು ತೀರ್ಮಾನವಾಯಿತು. ನಾನೂ ಬೇಕರಿಯವನನ್ನು ಬೈದೆ. ಗೊಂಬೆ ಈಗ ಜೇಬಿನಲ್ಲಿ, ಹೇರ್‌ಪಿನ್ನಿನ ಜೊತೆ ಇದೆ. ನನ್ನ ಮನೆಗೆ ಜನ ಬಂದರೆ ಕೂರುವುದಾದರೂ ಎಲ್ಲಿ? ಲಾಲಾಳ ಕುರ್ಚಿಯ ಮೇಲೆ ಜೂನ್‌ನಿಂದ ದಿನಪತ್ರಿಕೆ ಪೇರಿಸುತ್ತಿದ್ದೇನೆ. ಅದನ್ನು ಮುಟ್ಟುವ ಯೋಚನೆ ನನಗಿಲ್ಲ.

ಹೊರಡುವಾಗ ಕೂಕಾ ಒಂದು ಸಲಹೆ ಕೊಟ್ಟಳು. "ಬೆಕ್ಕಿಗೆ ಮೆಕ್ಕೆಜೋಳದ ಪಿಷ್ಟ ಉದುರ್ಸಿ ಬಾಚಿ ಭಾವ. ಜಿಡ್ಡೆಲ್ಲ ಎಳ್ಕೊಳ್ಳುತ್ತೆ. ಅಕ್ಕನೂ ಹಂಗೇ ಮಾಡ್ತಿದ್ಲು."

ನನಗೆ ಗೊತ್ತೇ ಇರಲಿಲ್ಲ. ಹದಿನೈದು ವರ್ಷ ಆ ಬೆಕ್ಕು ತಾನಾಗಿಯೇ ಬೆಳ್ಳಗಿದೆ ಎಂದುಕೊಂಡಿದ್ದೆ.

ಜನವರಿ 9, ಮಂಗಳವಾರ

ಬರೆಯಲು ನಾಚಿಕೆಯಾಗುತ್ತದೆ. ಯಾರೂ ಓದುವುದಿಲ್ಲವಾದ್ದರಿಂದ ಬರೆಯುತ್ತೇನೆ.

ಅಡುಗೆಮನೆಯ ಮೇಲಿನ ಕಪಾಟು ಲಾಲಾಳದ್ದು. ಅದನ್ನು ನಾನು ತೆರೆದಿರಲಿಲ್ಲ. ನನ್ನ ಊಟಕ್ಕೆ ಬೇಕಾದ ಉಪ್ಪು, ಬೀನ್ಸು, ಕಾಫಿ ಕೆಳಗೇ ಇದೆ. ಇವತ್ತು ಸಂಜೆ ತೆರೆದೆ. ಪಿಷ್ಟದ ಪೊಟ್ಟಣಗಳು ಸಾಲಾಗಿ ನಿಂತಿದ್ದವು. ದೀಪ ಹಾಕಲಿಲ್ಲ, ಹಾಕಿದರೆ ಉಳಿದದ್ದೆಲ್ಲ ಕಾಣುತ್ತದೆ. ಒಂದು ಪೊಟ್ಟಣ ಎಳೆದುಕೊಂಡು ಬಾಗಿಲು ಹಾಕಿದೆ. ಒಬಿಸ್ಪೊನನ್ನು ಮಡಿಲಲ್ಲಿ ಕೂರಿಸಿ, ಧಾರಾಳವಾಗಿ ಉದುರಿಸಿ, ಬುಡಕ್ಕೆ ಹೋಗುವ ಹಾಗೆ ತಿಕ್ಕಿದೆ. ಘಮಘಮ ಎಂದಿತು. ಭೇಷ್, ವಾಸನೆ ಹೋಯಿತು ಎಂದುಕೊಂಡೆ.

ದೀಪ ಹಾಕಿದೆ. ಮಡಿಲಲ್ಲಿ ಗುಲಾಬಿ ಬಣ್ಣದ ಬೆಕ್ಕು.

ಸ್ಟ್ರಾಬೆರಿ ಅತೋಲೆಯ ಪುಡಿ! ಚಳಿಗಾಲದ ಬೆಳಿಗ್ಗೆ ಹಾಲಿಗೆ ಹಾಕಿ ಕುದಿಸಿ ಅಂಬಲಿಯ ಹಾಗೆ ಕುಡಿಯುವುದು. ಪೊಟ್ಟಣ ಅದೇ ಆಕಾರ, ಅದೇ ಹಳದಿ. ಮೂಲೆಯಲ್ಲಿ ಮಾತ್ರ ಒಂದು ಹಣ್ಣಿನ ಚಿತ್ರ. ಸಕ್ಕರೆ ಬೆರೆಸಿದ್ದು ಬೇರೆ. ನನಗೆ ಅದು ಇಷ್ಟವೆಂದು ಅವಳು ತಂದಿಡುತ್ತಿದ್ದಳು.

ಒಬಿಸ್ಪೊ ತನ್ನ ಮುಂಗಾಲು ನೆಕ್ಕಿ ನೋಡಿದ. ಕಣ್ಣರಳಿಸಿದ. ಮತ್ತೆ ನೆಕ್ಕಿದ. ಅವನ ಜೀವಮಾನದಲ್ಲಿ ತಾನು ಇಷ್ಟು ರುಚಿಯಾಗಿರುವುದು ಅವನಿಗೆ ಗೊತ್ತಿರಲಿಲ್ಲ. ಪುಡಿ ಹೊಟ್ಟೆಗೆ ಹೋಗದಿರಲೆಂದು ನನ್ನ ಕಾಲುಚೀಲ ಕತ್ತರಿಸಿ ಅವನಿಗೆ ಅಂಗಿ ತೊಡಿಸಿದೆ. ಅಂಗಿಯೊಳಗಿಂದ ಹೊರಟ ಗುಲಾಬಿ ಮುಖ ನನ್ನನ್ನು ನೋಡಿದ ರೀತಿ! ಈ ಸಲ ಕ್ಷಮಿಸಿರಲಿಲ್ಲ.

ಜನವರಿ 10, ಬುಧವಾರ

ಇರುವೆಗಳು ಬಂದಿವೆ. ಬಾಗಿಲಿನಿಂದ ಬೆಕ್ಕಿನವರೆಗೆ ಸೈನ್ಯದ ಹಾಗೆ ಸಾಲು.

ಹಿಮೇನಾಗೆ ಫೋನು ಮಾಡಿದೆ. "ಯಾವ ಬಣ್ಣ ಅಂದ್ರಿ?" ಎಂದು ಎರಡು ಸಲ ಕೇಳಿದಳು. ಕೊನೆಗೆ, ಬಹಳ ಕಷ್ಟಪಟ್ಟು ಗಂಭೀರವಾಗಿ, "ಮೊದ್ಲು ಒಣಗಿದ್ದನ್ನೆಲ್ಲ ಬಾಚಿ ಉದುರಿಸಿ. ಆಮೇಲೆ ಬಿಸಿನೀರಲ್ಲಿ ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ ಒರೆಸಿ. ಒಂದು ಬಟ್ಟೆ ಕೊಳೆಯಾದ್ರೆ ಇನ್ನೊಂದು. ಒರೆಸಿದ ಕಡೆ ಕೂಡ್ಲೇ ಒಣ ಟವೆಲ್. ಎಷ್ಟು ಹೊತ್ತಾದ್ರೂ ಸರಿ, ನೀರಿಗೆ ಇಳಿಸ್ಬೇಡಿ" ಎಂದಳು.

ಬಾಯ್ಲರು ಹಚ್ಚಿದೆ. ಅದು ಬೇಸಿಗೆಯಿಂದ ತಣ್ಣಗೆ ಕೂತಿತ್ತು, ಕೆಮ್ಮಿ ಕೆಮ್ಮಿ ಹೊತ್ತಿಕೊಂಡಿತು. ಮನೆಯಲ್ಲಿದ್ದ ಟವೆಲ್ಲು, ದಿಂಬಿನ ಚೀಲ, ಹಳೆಯ ಬನಿಯನ್ನು ಎಲ್ಲವೂ ಗುಲಾಬಿಯಾದವು. ಒಬಿಸ್ಪೊ ಮೊದಲು ಉಗುರು ತೋರಿಸಿದ, ಆಮೇಲೆ ಬಿಸಿ ಬಟ್ಟೆ ಕತ್ತಿಗೆ ತಾಕಿದಾಗ ಗುರುಗುಟ್ಟತೊಡಗಿದ. ಸಂಜೆಗೆ ಬಿಳಿಯಾದ. ಕಿವಿಯ ಹಿಂದೆ ಸ್ವಲ್ಪ ಗುಲಾಬಿ ಉಳಿದಿದೆ, ಲಜ್ಜೆಯ ಹಾಗೆ ಕಾಣುತ್ತದೆ, ಒಳ್ಳೆಯದೇ.

ಬಾಯ್ಲರಿನಲ್ಲಿ ಮಾತ್ರ ಅಷ್ಟೂ ಬಿಸಿನೀರು ಉಳಿದುಬಿಟ್ಟಿತು. ನೀರಿನ ಇಲಾಖೆಯಲ್ಲಿ ಬದುಕು ಸವೆಸಿದವನು ನಾನು. ವಾರಕ್ಕೆ ಎರಡು ದಿನ ನಲ್ಲಿ ಬರುವ ಊರಿನಲ್ಲಿ ಬಿಸಿನೀರು ಆರಲು ಬಿಡುವುದು ನನ್ನಿಂದಾಗದು. ಬೇರೆ ದಾರಿ ಕಾಣದೆ ನಾನೇ ಮೈಮೇಲೆ ಸುರಿದುಕೊಂಡೆ. ಪೋಲಾಗಬಾರದಲ್ಲ. ಸೋಪೂ ಕೈಯಲ್ಲೇ ಇತ್ತು.

ಚೆನ್ನಾಗಿ ನಿದ್ದೆ ಬರುತ್ತಿದೆ. ಬೆಕ್ಕು ಒರೆಸಿದ ಆಯಾಸ.

ಜನವರಿ 12, ಶುಕ್ರವಾರ

ಕಂಕುಳಲ್ಲಿ ಒಂದು ಗಂಟು. ಒಬಿಸ್ಪೊನ ಕಂಕುಳಲ್ಲಿ. ನನಗೆ ಕತ್ತರಿ ಹಿಡಿಯುವ ಅಪ್ಪಣೆಯಿಲ್ಲ, ಹಿಮೇನಾ ಹಳ್ಳಿಗೆ ಹೋಗಿದ್ದಾಳೆ. ಬೆಕ್ಕನ್ನು ಬುಟ್ಟಿಯಲ್ಲಿಟ್ಟು ಕ್ಷೌರದ ನಾಬೋರನ ಅಂಗಡಿಗೆ ಹೋದೆ. ಅವನ ಹತ್ತಿರ ಸಣ್ಣ ಯಂತ್ರವಿದೆ, ಕೂಸಿನ ತಲೆಗೂ ಓಡಿಸುವಂಥದ್ದು.

ನಾಬೋರ್ ನನ್ನನ್ನು ಬಾಗಿಲಲ್ಲೇ ತಡೆದ. "ಯಾರ್ ನೀವು?"

"ಹಾಳಾದವನೇ, ನಾನು ಎವರಿಸ್ತೊ."

"ಅಯ್ಯೋ ಇಂಜಿನಿಯರ್! ಗಡ್ಡದೊಳಗೆ ಇದ್ದೀರಾ! ನಾನು ಯಾವ್ದೋ ಕಾಡಲ್ಲಿರೋ ಸಂತರು ಕುರಿಮರಿ ಎತ್ಕೊಂಡ್ ಬಂದ್ರು ಅಂದ್ಕೊಂಡೆ. ಯಾರಿಗ್ ಮೊದ್ಲು?"

"ಬೆಕ್ಕಿಗೆ. ಬೆಕ್ಕಿಗೆ ಮಾತ್ರ."

ಯಂತ್ರ ಝುಂಯ್ ಎಂದ ಕೂಡಲೆ ಒಬಿಸ್ಪೊ ಕನ್ನಡಿಯ ಮೇಲೆ ಹತ್ತಿದ. ಇಳಿಸಿದೆವು, ಮತ್ತೆ ಹತ್ತಿದ. ಕೊನೆಗೆ ನಾಬೋರ್ ಯೋಚಿಸಿ ಹೇಳಿದ, "ನೀವು ಕೂತ್ಕೊಳ್ಳಿ, ಅವನ್ನ ಮಡಿಲಲ್ಲಿ ಇಟ್ಕೊಳ್ಳಿ. ಮೊದ್ಲು ನಿಮ್ ಮೇಲೆ ಓಡಿಸ್ತೀನಿ. ಇದ್ರಲ್ಲಿ ಜೀವ ಹೋಗಲ್ಲ ಅಂತ ಅವನಿಗೆ ನಂಬಿಕೆ ಬರ್ಲಿ."

ನಂಬಿಕೆ ಬರುವಷ್ಟರಲ್ಲಿ ಕತ್ತಿನ ಕೂದಲು ಹೋಯಿತು. ಕಿವಿಯ ಮೇಲಿನದು ಹೋಯಿತು. ಒಬಿಸ್ಪೊ ಇನ್ನೂ ಅನುಮಾನದಲ್ಲಿದ್ದ, ಗಡ್ಡವೂ ಹೋಯಿತು. ಮೀಸೆಯನ್ನು ಟ್ರಿಮ್ ಮಾಡುವ ಹೊತ್ತಿಗೆ ಅವನು ಕಣ್ಣು ಮುಚ್ಚಿದ. ಆಗ ಆ ಗಂಟನ್ನು ಒಂದೇ ಎಳೆತಕ್ಕೆ ತೆಗೆದ ನಾಬೋರ್. ಗಂಟಿಗೆ ಕಾಸು ತೆಗೆದುಕೊಳ್ಳಲಿಲ್ಲ, ಗಡ್ಡಕ್ಕೆ ತೆಗೆದುಕೊಂಡ. ಬೆಕ್ಕಿನ ದೆಸೆಯಿಂದ ನನಗೆ ಖರ್ಚು.

ಬರುವಾಗ ಹಾಲಿನ ಅಂಗಡಿಯವಳು, "ಏನ್ ಇಂಜಿನಿಯರ್, ಎಲ್ಲಾದ್ರೂ ಮದುವೆನಾ?" ಎಂದಳು. "ಹೌದು, ಬೆಕ್ಕಿನದು" ಎಂದೆ. ಸ್ವಲ್ಪ ಹೊತ್ತು ನಿಂತು ಮಾತಾಡಿದೆವು. ಅವಳ ಗಿಣಿಯೂ ಹದಿನೇಳಕ್ಕೆ ಬರುತ್ತದಂತೆ. ಅದಕ್ಕೆ ಬೈಗುಳ ಬಿಟ್ಟರೆ ಏನೂ ಬಾರದು, ಪಾದ್ರಿಗಳ ಮುಂದೆ ಏನು ಮಾಡುತ್ತದೋ ಎಂದು ಅವಳಿಗೆ ಚಿಂತೆ.

ಜನವರಿ 14, ಭಾನುವಾರ

ಒಬಿಸ್ಪೊನನ್ನು ಇವತ್ತು ಮೂಗಿನಿಂದ ಬಾಲದವರೆಗೆ ಮೂಸಿ ನೋಡಿದೆ. ಬಿಸಿಲಿಗಿಟ್ಟ ಹತ್ತಿಯ ವಾಸನೆ. ಕುರ್ಚಿಯ ಮೇಲೆ ಕೂರಿಸಿ ಮೂಸಿದೆ, ವಾಸನೆಯಿಲ್ಲ. ಎದೆಗೆ ಅಪ್ಪಿಕೊಂಡು ಮೂಸಿದೆ, ಇದೆ. ಇಳಿಸಿದೆ, ಇಲ್ಲ. ಅಪ್ಪಿಕೊಂಡೆ, ಇದೆ!

ಕಳ್ಳ ಸಿಕ್ಕಿದ. ಸ್ವೆಟರು.

ಜನವರಿ 15, ಸೋಮವಾರ

ಇವತ್ತು ಏನೂ ಮಾಡಲಿಲ್ಲ. ಸ್ವೆಟರನ್ನು ಕುರ್ಚಿಯ ಬೆನ್ನಿಗೆ ಹಾಕಿ ಎದುರು ಕೂತಿದ್ದೆ. ಒಬಿಸ್ಪೊ ಸ್ವೆಟರನ್ನೂ ನನ್ನನ್ನೂ ನೋಡುತ್ತಿದ್ದ.

ಮೇಲಿನಿಂದ ಮೂರನೆಯ ಗುಂಡಿ ಕಿತ್ತುಹೋಗಿತ್ತು. ಮೇ ತಿಂಗಳ ಕೊನೆಯಲ್ಲಿ ಲಾಲಾ ಹಾಸಿಗೆಯಲ್ಲಿ ಒರಗಿಕೊಂಡು ಹೊಲಿದುಕೊಟ್ಟಳು. ಕಂದು ದಾರ ಹುಡುಕಿಕೊಡಲು ನನಗೆ ಆಗಲಿಲ್ಲ, ನೀಲಿ ಸಿಕ್ಕಿತು. "ಪರ್ವಾಗಿಲ್ಲ ಬಿಡಿ, ನಿಮ್ಮನ್ಯಾರು ಅಷ್ಟು ಹತ್ರದಿಂದ ನೋಡ್ತಾರೆ" ಎಂದು ನೀಲಿಯಲ್ಲೇ ಹೊಲಿದಳು. ನೀಲಿ ದಾರ ಬಣ್ಣ ಬಿಡುವ ಜಾತಿಯದಾಗಿದ್ದರೆ?

ನಾಳೆ ನೋಡೋಣ.

ಜನವರಿ 16, ಮಂಗಳವಾರ

ಒಗೆದೆ.

ಬೆಕ್ಕಿಗಾಗಿ. ಮೂರು ನಾಯಿಗಳಿರುವ ಮನೆಯನ್ನು ನೆನೆಸಿಕೊಂಡು, ಬಕೆಟ್ಟಿನಲ್ಲಿ ಅದುಮಿದೆ. ನೀರು ಮೊದಲು ಕಾಫಿಯ ಹಾಗೆ ಆಯಿತು, ಎರಡನೆಯ ಸಲ ಚಹಾದ ಹಾಗೆ, ಕೊನೆಗೆ ನೀರಿನ ಹಾಗೆಯೇ ಆಯಿತು. ಮೂರನೆಯ ಗುಂಡಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಉಜ್ಜಿದೆ. ದಾರ ಬಣ್ಣ ಬಿಡಲಿಲ್ಲ. ಅವಳ ಹೊಲಿಗೆ, ಬಿಗಿಯಾಗಿಯೇ ಇದೆ.

ಮಹಡಿಯ ಹಗ್ಗಕ್ಕೆ ಹಾಕಿದ್ದೇನೆ. ಈ ಚಳಿಗೆ ನಾಳೆಗೆ ಒಣಗುವುದಿಲ್ಲ. ನಾಳೆ ಬೂದು ಕೋಟು ಹಾಕಬೇಕು, ಅದಕ್ಕೊಂದು ಇಸ್ತ್ರಿ ಬೇಕು. ಕದ್ದ ಮೇಜು ಇದೆಯಲ್ಲ.

ಜನವರಿ 17, ಬುಧವಾರ

ಚರ್ಚಿನ ಮುಂದೆ ಇಡೀ ಊರು. ಟೋಪಿ ಹಾಕಿದ ಹುಂಜ, ರಿಬ್ಬನ್ನು ಕಟ್ಟಿದ ಹಂದಿ, ಸ್ವೆಟರು ತೊಟ್ಟ ನಾಯಿಗಳು, ಬೆನ್ನ ಮೇಲೆ ಹೂವಿನ ಚಿತ್ರ ಬರೆಸಿಕೊಂಡ ಒಂದು ಆಮೆ. ಹಾಲಿನ ಅಂಗಡಿಯವಳ ಗಿಣಿ ಸರದಿಯಲ್ಲಿ ನಿಂತೇ ಮೂವರ ತಾಯಂದಿರನ್ನು ಬೈದಿತ್ತು. ಒಬಿಸ್ಪೊನನ್ನು ಕೋಟಿನೊಳಗೆ ಇಟ್ಟುಕೊಂಡಿದ್ದೆ, ತಲೆ ಮಾತ್ರ ಹೊರಗೆ, ಕತ್ತಿಗೆ ಲಾಲಾಳ ನೇರಳೆ ರಿಬ್ಬನ್ನು.

ಕೂಕಾ ಮೆಟ್ಟಿಲ ಮೇಲೆ ನಿಂತು ಜನರನ್ನು ಹುಡುಕುತ್ತಿದ್ದಳು. ಅವಳ ಕಣ್ಣು ನನ್ನ ಮೇಲೆ ಹಾದುಹೋಯಿತು, ಮುಂದೆ ಹೋಯಿತು, ಮತ್ತೆ ಹಿಂದೆ ಬಂತು. ಹತ್ತಿರ ಬಂದಳು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಒಬಿಸ್ಪೊನ ಎದೆಯೂ. ಕೋಟಿನೊಳಗೆ ಯಾವುದು ಯಾರದೆಂದು ತಿಳಿಯುತ್ತಿರಲಿಲ್ಲ.

"ಎಲ್ಲಿ, ಮೂಸು" ಎಂದೆ.

ಬಾಗಿದಳು. ಇಲ್ಲೊಂದು ವಿಚಿತ್ರ ನಡೆಯಿತು. ಕೂಕಾಳಿಗೆ ಕಣ್ಣು ಮಂದವಾಗಿರಬೇಕು. ಬೆಕ್ಕಿನ ತಲೆ ಬಿಟ್ಟು ಮೇಲಕ್ಕೆ ಬಂದು ನನ್ನ ಕಾಲರಿನ ಹತ್ತಿರ ಮೂಗಿಟ್ಟಳು. ದೀರ್ಘವಾಗಿ ಉಸಿರೆಳೆದಳು. ಅವಳ ಕಣ್ಣು ಒದ್ದೆಯಾಗಿತ್ತು, ಬೆಕ್ಕಿನ ಕೂದಲು ಹೋಗಿರಬಹುದು.

"ಆಯ್ತು ಭಾವ" ಎಂದಳು. "ನಿಮ್ದೇ. ಇಟ್ಕೊಳ್ಳಿ."

ನಾನು ತಿದ್ದಲಿಲ್ಲ. ಮೂಸಿದ್ದು ತಪ್ಪು ಜಾಗ ಎಂದು ಹೇಳಿ ಗೆದ್ದ ಬೆಕ್ಕನ್ನು ಮತ್ತೆ ಪಣಕ್ಕಿಡಲು ನನಗೇನು ಹುಚ್ಚೇ?

ಪಾದ್ರಿ ತೊರೀಬಿಯೊ ಬಕೆಟ್ಟು ಹಿಡಿದು ಬಂದರು. ಅವರು ಪವಿತ್ರ ಜಲ ಚಿಮುಕಿಸುವವರಲ್ಲ, ಎರಚುವವರು. ಪೊರಕೆಯಷ್ಟು ದೊಡ್ಡ ರೋಸ್‌ಮೇರಿ ಸೊಪ್ಪಿನ ಕಟ್ಟು ಅವರದು. ಕೋಟಿನ ಎರಡು ಅಂಚನ್ನೂ ಮುಚ್ಚಿಕೊಂಡೆ.

"ನೀರು ಬೇಡ ಫಾದರ್! ವೈದ್ಯರ ಅಪ್ಪಣೆ!"

"ಯಾರಪ್ಪಾ ಒಳಗಿರೋದು?"

"ಒಬಿಸ್ಪೊ."

"ಬಿಷಪ್ಪರಿಗೆ ಆಶೀರ್ವಾದ ಮಾಡೋ ಅಧಿಕಾರ ನನಗೆಲ್ಲಿದೆ!" ಎಂದರು. ಸುತ್ತಲಿದ್ದವರು ನಕ್ಕರು. "ಒಂದ್ ಕೆಲ್ಸ ಮಾಡ್ತೀನಿ. ಹೊತ್ಕೊಂಡಿರೋರಿಗೆ ಹಾಕ್ತೀನಿ, ಅವರಿಗೂ ತಲುಪುತ್ತೆ." ಹಾಗೆಂದವರೇ ಸೊಪ್ಪನ್ನು ಬಕೆಟ್ಟಿನಲ್ಲಿ ಮುಳುಗಿಸಿ ನನ್ನ ಮುಖಕ್ಕೆ ಬೀಸಿದರು. ಒಮ್ಮೆಯಲ್ಲ. ಕೂಕಾ ಅವರಿಗೆ ಕಣ್ಣು ಮಿಟುಕಿಸಿದ್ದನ್ನು ನಾನು ನೋಡಿದೆ ಎನ್ನಿಸುತ್ತದೆ, ಆದರೆ ಕಣ್ಣಲ್ಲಿ ನೀರಿತ್ತು. "ಚೊಕ್ಕವಾದ ಜೀವ ಇದು, ದೇವರು ಕಾಪಾಡ್ಲಿ" ಎಂದರು ಪಾದ್ರಿಗಳು. ಬೆಕ್ಕನ್ನು ಅವರು ನೋಡಿಯೇ ಇರಲಿಲ್ಲ, ಹೇಗೆ ಗೊತ್ತಾಯಿತೋ!

ಗಿಣಿ ಪಾದ್ರಿಗಳನ್ನು ಒಂದು ಮಾತು ಅಂದಿತು. ಅದನ್ನು ಬರೆಯುವುದಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಸುಖವಾಗಿ ಮನೆಗೆ ಬರುತ್ತಿದ್ದೆ. ಮುಖ ಒರೆಸಿಕೊಳ್ಳಲು ಜೇಬಿನಿಂದ ಕರವಸ್ತ್ರ ಎಳೆದೆ. ಬೆಳಿಗ್ಗೆ ಹಳೆಯ ಪ್ಯಾಂಟಿನ ಜೇಬಿನಲ್ಲಿದ್ದದ್ದನ್ನೆಲ್ಲ ಕೋಟಿಗೆ ಸುರಿದುಕೊಂಡಿದ್ದೆ. ಹೇರ್‌ಪಿನ್ನು ಜೇಬಲ್ಲೇ ಉಳಿಯಿತು. ಬಾಲ ಯೇಸು ಮಾತ್ರ ಮೆಟ್ಟಿಲ ಮೇಲೆ ಬಿದ್ದು, ಟಿಕ್ ಟಿಕ್ ಟಿಕ್ ಎಂದು ಇಳಿದು, ಕೂಕಾಳ ಬೂಟಿನ ಹತ್ತಿರ ಅಂಗಾತ ಮಲಗಿತು.

ಅವಳು ಎತ್ತಿಕೊಂಡಳು. ಎರಡು ಬೆರಳಲ್ಲಿ ಹಿಡಿದು ಊರಿಗೆಲ್ಲ ತೋರಿಸಿದಳು.

"ಹಲ್ಲು ನೋವಾ ಭಾವ?"

"ಕೂಕಾ, ಕೇಳು—"

"ಪಾಪ ಆ ಬೇಕರಿಯವನು! ಅವನ್ನ ಏನೆಲ್ಲ ಬೈದ್ರಿ! ಫೆಬ್ರವರಿ ಎರಡು, ಇವ್ರ ಮನೇಲಿ ತಮಾಲೆ! ಎಲ್ರೂ ಕೇಳಿಸ್ಕೊಂಡ್ರಾ? ನಾಬೋರ್, ನೀನೂ ಬಾ. ಫಾದರ್, ನೀವೂ!"

ಹಾಲಿನ ಅಂಗಡಿಯವಳು ಗಿಣಿಯನ್ನು ತರಬಹುದೇ ಎಂದು ಕೇಳಿದಳು. ತನ್ನಿ ಎಂದೆ. ಇನ್ನೇನು ಹೇಳಲಿ?

ಜನವರಿ 18, ಗುರುವಾರ

ಸ್ವೆಟರು ಒಣಗಿತು. ಮೂಸಿ ನೋಡಿದೆ, ಸೋಪಿನ ವಾಸನೆ, ಗಾಳಿಯ ವಾಸನೆ, ಬೇರೆ ಏನೂ ಇಲ್ಲ. ತೊಟ್ಟುಕೊಂಡೆ. ಒಬಿಸ್ಪೊ ಮೇಲೆ ಹತ್ತಿ, ಎಲ್ಲ ಕಡೆ ಮೂಗಾಡಿಸಿ ಒಂದು ಸೀನು ಸೀನಿದ. ಸುತ್ತು ಹಾಕಿದ. ಇನ್ನೇನು ಇಳಿದುಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ, ಮೂರನೆಯ ಗುಂಡಿಯ ಹತ್ತಿರ ತಲೆಯಿಟ್ಟು, ನನ್ನ ತೋಳನ್ನು ಮಣಿಕಟ್ಟಿನಿಂದ ಶುರು ಮಾಡಿ ನೆಕ್ಕತೊಡಗಿದ. ಇಷ್ಟೆಲ್ಲ ಒಗೆದ ಮೇಲೂ ಅವನಿಗೆ ಸಮಾಧಾನವಿಲ್ಲ. ಎಂಥ ಕೊಳಕನ ಜೊತೆ ಬಾಳುತ್ತಿದ್ದೇನೆಂದು ತಿಳಿದುಕೊಂಡಿದ್ದಾನೋ.

ಎರಡನೇ ತಾರೀಖಿನ ಲೆಕ್ಕ ಹಾಕಿದೆ. ಮೇಲಿನ ಕಪಾಟಿನಲ್ಲಿ ಜೋಳದ ಹಿಟ್ಟಿದೆ, ಒಣಮೆಣಸಿನಕಾಯಿಯೂ ಇದೆ. ದೀಪ ಹಾಕಿಯೇ ನೋಡಿದೆ. ಸ್ಟ್ರಾಬೆರಿ ಅತೋಲೆ ಇನ್ನೂ ಎರಡು ಪೊಟ್ಟಣ ಉಳಿದಿದೆ. ಜನರಿಗೇ ಕೊಡೋಣ, ಈ ಸಲ.

ಕುರ್ಚಿ ಮಾತ್ರ ಒಂದು ಕಡಿಮೆ ಬೀಳುತ್ತದೆ. ಸಂಜೆ ದಿನಪತ್ರಿಕೆಗಳನ್ನು ಇಳಿಸಿದೆ. ಅಡಿಯಲ್ಲಿ ಅವಳ ಹೂವಿನ ದಿಂಬು ಹಾಗೇ ಇತ್ತು, ಸ್ವಲ್ಪ ಚಪ್ಪಟೆಯಾಗಿ. ತಟ್ಟಿ ಸರಿಮಾಡಿದೆ. ತಿರುಗುವಷ್ಟರಲ್ಲಿ ಒಬಿಸ್ಪೊ ಅದರ ಮೇಲೆ ಹತ್ತಿ ಕೂತಿದ್ದ. ಕೂದಲು ಉದುರಿಸುತ್ತಾನೆ, ಇಳಿಸಬೇಕು. ಜನ ಬರುವುದು ಎರಡನೇ ತಾರೀಖಿಗೆ.

ಅಲ್ಲಿಯವರೆಗೆ ಕೂತಿರಲಿ.